ಮೂಲೆಯ ಅಂಗಡಿಯ ಅಳತೆ

ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವಳಿಗೆ ಈಗಲೂ ಹಸಿವಾಗುತ್ತಿತ್ತು.

ಅವಳ ಅಪ್ಪ ಪುರಸಭೆಯಲ್ಲಿ ಗೆರೆ ಹಾಕುವ ಕೆಲಸದಲ್ಲಿದ್ದ. ವರ್ಷಕ್ಕೊಮ್ಮೆ ದೊಡ್ಡಬೀದಿಯಲ್ಲಿ ಉತ್ಸವ ನಡೆಯುವಾಗ ಯಾರ ಅಂಗಡಿ ಎಲ್ಲಿಂದ ಎಲ್ಲಿಗೆ, ಜನ ನಡೆಯುವ ದಾರಿ ಯಾವುದು ಎಂದು ಬೆಳಗ್ಗೆ ಬೇಗ ಹೋಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ. ಗಾಳಿಗೆ ಹಾರದ ಹಾಗೆ ಮೇಲೆ ಎರಡು ಸಲ ನೀರು ಚಿಮುಕಿಸುತ್ತಿದ್ದ. ಉತ್ಸವ ಮುಗಿಸಿ ಮನೆಗೆ ಬರುವಾಗ ಅವನ ಕೈಯಲ್ಲೊಂದು ಕಾಗದದ ಪೊಟ್ಟಣ ಇರುತ್ತಿತ್ತು. ಒಳಗೆ ತರಕಾರಿ ತುಂಬಿದ ರೊಟ್ಟಿ, ಇನ್ನೂ ಬೆಚ್ಚಗೆ. ಪೊಟ್ಟಣಕ್ಕೆ ದಾರವಿಲ್ಲ, ಒಂದು ಮೂಲೆಯನ್ನು ಎರಡು ಸಲ ಮಡಿಸಿ ಒಳಗೆ ಸಿಕ್ಕಿಸಿರುತ್ತಿತ್ತು, ಅಷ್ಟೆ. ಅದನ್ನು ಬಿಡಿಸುವಾಗ ಅಪ್ಪನ ಬೆರಳಿನ ಸುಣ್ಣವೂ ರೊಟ್ಟಿಯ ಹಬೆಯೂ ಒಟ್ಟಿಗೆ ಬರುತ್ತಿದ್ದವು. ಎಲ್ಲಿಂದ ತಂದೆ ಎಂದು ಕೇಳಿದರೆ, "ಗೆರೆ ಕೊಟ್ಟಿದ್ದು" ಎಂದು ನಗುತ್ತಿದ್ದ.

ಈಗ ಅಪ್ಪ ಇಲ್ಲ. ಅದೇ ಪುರಸಭೆಯಲ್ಲಿ ಉತ್ಸವದ ಅಂಗಡಿಗಳಿಗೆ ಪರವಾನಗಿ ಕೊಡುವ ಮೇಜು ಅವಳದು. ಬ್ಯಾಗಿನಲ್ಲಿ ನಿಯಮದ ಪುಸ್ತಕ, ಸೊಂಟದಲ್ಲಿ ಅಳತೆ ಟೇಪು. ಊರವರ ಬಾಯಲ್ಲಿ ಅವಳು ಅಳತೆ ಮೇಡಂ.

ಉತ್ಸವಕ್ಕೆ ಹತ್ತು ದಿನ ಇರುವಾಗ ಅವನು ಬಂದ. ಮೂವತ್ತೈದರ ಆಸುಪಾಸು, ಎತ್ತರದ ಆಳು, ಮೊಣಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಮೂಲೆಯ ರೊಟ್ಟಿ ಅಂಗಡಿಯವನು.

"ನನ್ನ ಜಾಗ ಯಾರಿಗೆ ಕೊಟ್ರಿ?"

"ಯಾರಿಗೂ ಕೊಟ್ಟಿಲ್ಲ. ಅದು ಖಾಲಿ ಇರುತ್ತೆ."

"ಖಾಲಿ ಬಿಡೋಕೆ ನಮ್ಮನ್ನ ಎಬ್ಬಿಸಿದ್ರಾ? ಇಪ್ಪತ್ತೆಂಟು ವರ್ಷ ಆಯ್ತು ಮೇಡಂ, ನಮ್ಮಮ್ಮ ಅಲ್ಲಿ ಕೂತು."

"ಈ ವರ್ಷದಿಂದ ಹೊಸ ನಿಯಮ. ಫೈರ್ ಇಂಜಿನ್ ತಿರುಗೋಕೆ ಆ ಮೂಲೆ ಬೇಕು. ನಿಮಗೆ ಹದಿನೇಳನೇ ನಂಬರ್ ಕೊಟ್ಟಿದೀನಿ, ಲೈಬ್ರರಿ ಗೋಡೆ ಪಕ್ಕ. ಅದೂ ಒಳ್ಳೇ ಜಾಗಾನೇ."

"ಒಳ್ಳೇ ಜಾಗ ಬೇಡ. ನಮ್ಮ ಜಾಗ ಬೇಕು."

"ಆಕ್ಷೇಪಣೆ ಇದ್ರೆ ಬರೆದು ಕೊಡಿ. ಫಾರಂ ಅಲ್ಲಿದೆ."

ಅವನು ಮುಖ ಗಂಟು ಹಾಕಿಕೊಂಡು ಬರೆಯಲು ಹೋದ. ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಎಂದೋ ಒಣಗಿತ್ತು. ತನ್ನ ಪೆನ್ನು ತೆಗೆದು ಬರೆದ. ಹೋಗುವಾಗ ಒಣಗಿದ ಪೆನ್ನನ್ನು ಬಿಚ್ಚಿ, ಅದೇ ದಾರಕ್ಕೆ ತನ್ನದನ್ನು ಕಟ್ಟಿ ಹೋದ. ಜಗಳವಾಡಲು ಬಂದವನು ಹಿಂದೆ ನಿಂತವರಿಗಾಗಿ ಪೆನ್ನು ಬಿಟ್ಟು ಹೋಗುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ಫಾರಂನಲ್ಲಿ ಕಾರಣದ ಜಾಗದಲ್ಲಿ ಒಂದೇ ಸಾಲಿತ್ತು. 'ಹೇಳಲು ಆಗುವುದಿಲ್ಲ.'

*

ತಿನ್ನುವ ಪದಾರ್ಥ ಮಾರುವವರ ಅಡುಗೆಮನೆಯನ್ನು ಪರವಾನಗಿಗೆ ಮೊದಲು ನೋಡಿ ಬರಬೇಕು. ಅದೂ ನಿಯಮವೇ. ಮೂರನೇ ದಿನ ಮಧ್ಯಾಹ್ನ ಅವಳು ಅವನ ಮನೆಗೆ ಹೋದಳು.

ಕಿಟಕಿಯಿಲ್ಲದ ಸಣ್ಣ ಅಡುಗೆಮನೆ. ತೊಳೆದ ನೆಲ, ಮುಚ್ಚಳ ಮುಚ್ಚಿದ ಡಬ್ಬಿಗಳು. ಗಿಡ್ಡ ಸ್ಟೂಲಿನ ಮೇಲೆ ಅವನ ತಾಯಿ, ಎಪ್ಪತ್ತು ದಾಟಿದವರು, ಹಿಟ್ಟಿನ ಉಂಡೆ ಅಗಲಿಸಿ ಪಲ್ಯ ತುಂಬುತ್ತಿದ್ದರು.

"ಬಾಮ್ಮ, ಕೂತ್ಕೋ. ಬಿಸಿ ಇದೆ, ಒಂದು ತಿನ್ನು."

"ಬೇಡಮ್ಮ. ತನಿಖೆಗೆ ಬಂದವರು ತಿನ್ನಬಾರದು. ಉತ್ಸವ ಮುಗಿಯೋವರೆಗೂ ನಿಯಮ ಇದೆ."

"ವಾಸನೆ ತಗೋಬಹುದಾ? ಅದಕ್ಕೂ ಫಾರಂ ಇದ್ರೆ ಹೇಳಿ, ತುಂಬಿಸ್ತೀನಿ" ಎಂದ ಅವನು, ಒಲೆಯ ಕಡೆ ಮುಖ ಮಾಡಿಕೊಂಡೇ.

ನಗಬಾರದೆಂದು ಅವಳು ಪುಸ್ತಕದಲ್ಲಿ ಏನೋ ಗೀಚಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು.

ಕಣ್ಣಿಗೆ ಕಪ್ಪು ಕಟ್ಟಿದಂತಾಯಿತು. ಅವಳು ಪೆನ್ನು ಹಿಡಿದಲ್ಲೇ ನಿಂತಳು. ಅವನು ಒಲೆಯ ಹತ್ತಿರ ಕಲ್ಲಿನ ಹಾಗೆ ನಿಂತ. ಆದರೆ ಲಟ್ಟಣಿಗೆಯ ಸದ್ದು ನಿಲ್ಲಲಿಲ್ಲ. ತಟ್, ತಟ್, ಉರುಳು. ತಟ್, ತಟ್, ಉರುಳು. ಉಪ್ಪಿನ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ ಸದ್ದು. ರೊಟ್ಟಿ ಕಾವಲಿಗೆ ಬಿದ್ದ ಚುರ್ ಎಂಬ ಸದ್ದು. ಎಲ್ಲೂ ತಡವರಿಕೆ ಇಲ್ಲ.

ಒಂದು ಗಳಿಗೆಯಲ್ಲಿ ಕರೆಂಟ್ ಬಂತು. ತಾಯಿಯ ಕಿರುಬೆರಳು ಗೂಡಿನ ಅಂಚನ್ನು ಸವರಿ, ಅಲ್ಲಿಂದ ಒಂದು ಗೇಣು ಜರುಗಿ ಎಣ್ಣೆಯ ಚಮಚ ಎತ್ತಿಕೊಂಡಿತು. ಕರೆಂಟ್ ಹೋಗಿದ್ದೂ ಬಂದಿದ್ದೂ ಅವರಿಗೆ ತಿಳಿದೇ ಇರಲಿಲ್ಲ.

ಅವಳ ಮೈ ಜುಮ್ಮೆಂದಿತು. ಮರುಕಕ್ಕಲ್ಲ. ಅಳತೆಯೇ ಕೆಲಸವಾದವಳಿಗೆ, ಟೇಪಿಲ್ಲದೆ ಇಷ್ಟು ಕರಾರುವಾಕ್ಕಾದ ಕೈಗಳಿರಬಹುದು ಎಂದು ಗೊತ್ತಿರಲಿಲ್ಲ.

ಬಾಗಿಲ ಹೊರಗೆ ಬಂದು ಅವನು ತಲೆ ತಗ್ಗಿಸಿದ. "ಅಮ್ಮನಿಗೆ ನಾಲ್ಕು ವರ್ಷದಿಂದ ಏನೂ ಕಾಣಲ್ಲ. ಜನರಿಗೆ ಹೇಳ್ಬೇಡ, ಅಯ್ಯೋ ಪಾಪ ಅಂತ ತಿನ್ನೋದು ಬೇಡ ಅಂತಾರೆ. ಆ ಮೂಲೇಲಿ ಗೋಡೆ ಎಲ್ಲಿದೆ, ಕಲ್ಲು ಎಲ್ಲಿದೆ, ನಲ್ಲಿ ಎಲ್ಲಿದೆ, ಎಲ್ಲಾ ಕೈಗೆ ಗೊತ್ತು. ಬೇರೆ ಕಡೆ ಕೂರಿಸಿದ್ರೆ ಕೈ ಕಟ್ಟಿ ಕೂರ್ತಾರೆ. ಅವರಿಗೆ ವರ್ಷ ಪೂರ್ತಿ ಕಾಯೋ ದಿನ ಅದೊಂದೇ ಮೇಡಂ." ಆಮೇಲೆ ಕೇಳಿದ, "ಈಗ ಪರ್ಮಿಟ್ಟೇ ಕೊಡಲ್ವಾ?"

"ಕೈ ಶುಚಿ ಇರಬೇಕು, ಮುಚ್ಚಳ ಇರಬೇಕು, ನೀರು ಹತ್ತಿರ ಇರಬೇಕು, ಬೆಳಗ್ಗೆ ಎಂಟರೊಳಗೆ ಒಲೆ ಹತ್ತಿರಬೇಕು. ನಿಯಮದಲ್ಲಿ ಇರೋದು ಇಷ್ಟೇ. ಕಣ್ಣಿನ ಬಗ್ಗೆ ಒಂದಕ್ಷರ ಇಲ್ಲ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಆವತ್ತು ಮೊದಲ ಸಲ ಸರಿಯಾಗಿ ನೋಡಿದ್ದು.

"ಆದ್ರೆ ಮೂಲೆ ಕೊಡಕ್ಕಾಗಲ್ಲ" ಎಂದಳು ಅವಳು. "ನಾಳೆ ಬನ್ನಿ. ಯಾಕೆ ಅಂತ ತೋರಿಸ್ತೀನಿ."

*

ಮರುದಿನ ಮೂಲೆಯಲ್ಲಿ ಅವಳು ಚಾಕ್ ಹಿಡಿದು ಬಗ್ಗಿ, ರಸ್ತೆಯ ಮೇಲೆ ಒಂದು ಬಾಗು ಎಳೆದಳು. ಎಡಗಡೆಯ ಬೀದಿಯಿಂದ ಹೊರಟು ಬಲಗಡೆಯ ಬೀದಿಗೆ ಹೊರಳುವ ಉದ್ದನೆಯ ಬಾಗು, ಒಂದೇ ಉಸಿರಿನಲ್ಲಿ ಎಳೆದ ಹಾಗೆ. ಫೈರ್ ಇಂಜಿನ್ ಚಾಲಕನನ್ನು ಕರೆಸಿ, ಗಾಡಿ ತಿರುಗಿಸಿ, ಹಿಂದಿನ ಚಕ್ರ ಎಲ್ಲಿ ಬರುತ್ತದೆಂದು ಅವಳೇ ಗುರುತು ಹಾಕಿಕೊಂಡಿದ್ದಳು. ಆ ಬಾಗು ನೇರ ಅವನ ತಾಯಿ ಒಲೆ ಇಡುವ ಜಾಗದ ಮೇಲೆ ಹಾದುಹೋಗಿತ್ತು.

"ಆ ದಿನ ಬೀದಿಯಲ್ಲಿ ನಾಲ್ಕು ಸಾವಿರ ಜನ ಇರ್ತಾರೆ" ಎಂದಳು. "ಏನಾದ್ರೂ ಆದ್ರೆ ಗಾಡಿ ಬರೋಕೆ ಇದೊಂದೇ ದಾರಿ."

ಅವನು ಬಹಳ ಹೊತ್ತು ಆ ಗೆರೆಯನ್ನೇ ನೋಡಿದ. ಅವಳು ನಿಯಮದ ಹಿಂದೆ ಅವಿತುಕೊಳ್ಳುವವಳು ಎಂದುಕೊಂಡಿದ್ದ. ಇವಳು ಕಣ್ಣಿಗೆ ಕಾಣದ ಗಾಡಿಯೊಂದಕ್ಕೆ, ಮುಖ ಗೊತ್ತಿಲ್ಲದ ಸಾವಿರಾರು ಜನರಿಗೆ ಮಂಡಿಯೂರಿ ದಾರಿ ಬರೆಯುತ್ತಿದ್ದಳು. ಅವಳ ಮೂಗಿನ ತುದಿಗೆ ಚಾಕ್ ಪುಡಿ ಹತ್ತಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ. ಅದು ಅಲ್ಲೇ ಇರಲಿ ಎನಿಸಿತು.

"ಆಕ್ಷೇಪಣೆ ವಾಪಸ್ ತಗೋತೀನಿ" ಎಂದ ಮೆಲ್ಲಗೆ.

"ಇರಿ. ಜಾಗ ಕೊಡಕ್ಕಾಗಲ್ಲ ಅಂದೆ. ಅಳತೆ ಕೊಡಕ್ಕಾಗಲ್ಲ ಅಂದೆನಾ?"

ಅವಳಿಗೂ ಆ ಯೋಚನೆ ಆಗಷ್ಟೇ ಬಂದಿತ್ತು.

*

ಆ ಸಂಜೆ ತಾಯಿಯನ್ನು ಕರೆದುಕೊಂಡು ಬಂದು ಮೂಲೆಯ ಹಳೇ ಜಾಗದಲ್ಲಿ ಅವರ ಸ್ಟೂಲಿನ ಮೇಲೆ ಕೂರಿಸಿದರು. ಹಿಟ್ಟಿಲ್ಲ, ಒಲೆಯಿಲ್ಲ.

"ರೊಟ್ಟಿ ಮಾಡಿ ಅಮ್ಮ" ಎಂದಳು ಅವಳು.

"ಗಾಳೀಲಾ?"

"ಗಾಳೀಲೇ."

ತಾಯಿ ನಕ್ಕು ಕೈ ಆಡಿಸತೊಡಗಿದರು. ಬಲಪಾದ ತಾನಾಗಿ ಮುಂದೆ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತಿತು. ಬೆನ್ನು ಗೋಡೆಗೆ ಒರಗಿತು. ಎಡಗೈ ಚಾಚಿದಲ್ಲಿ ನಲ್ಲಿ. ಬರಿಗೈಗಳು ಹಿಟ್ಟು ತೆಗೆದವು, ಅಗಲಿಸಿದವು, ತುಂಬಿದವು, ಕಾವಲಿಗೆ ಹಾಕಿದವು. ಕಾಣದ ಅಂಗಡಿಯೊಂದು ಅವರ ಸುತ್ತ ಎದ್ದು ನಿಂತಿತು. ದಾರಿಹೋಕರು ನಿಂತು ನೋಡಿದರೆ, "ಸರ್ವೇ ನಡೀತಿದೆ" ಎನ್ನುತ್ತಿದ್ದ ಅವನು, ಗಂಭೀರವಾಗಿ.

ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಬಿಡಬೇಡಿ ಎಂದು ಅವಳು ಮೊದಲೇ ಹೇಳಿದ್ದಳು.

"ಗೋಡೆಯಿಂದ ಕಾವಲಿ?" ಎಂದ ಅವನು.

"ಎರಡಡಿ ಒಂದಿಂಚು."

"ಕಾವಲಿಯಿಂದ ಉಪ್ಪು?"

"ಹನ್ನೊಂದು. ಅಲ್ಲ, ಹನ್ನೊಂದೂವರೆ. ನೀವು ಟೇಪು ನೋಡ್ತಿಲ್ಲ."

"ನೋಡ್ತಾ ಇದೀನಿ."

"ಟೇಪು ಇರೋದು ಕೆಳಗೆ."

ಅವನು ಕಣ್ಣು ಕೆಳಗಿಳಿಸಿದ. ತಾಯಿ ಗಾಳಿಯಲ್ಲಿ ರೊಟ್ಟಿ ತಿರುವುತ್ತಲೇ ಹೇಳಿದರು, "ಲೋ, ನನಗೆ ಕಣ್ಣು ಹೋಗಿರೋದು ನಿಜ. ಕಿವಿ ಚೆನ್ನಾಗಿದೆ ಕಣೋ."

ಅವಳ ಕೆನ್ನೆ ಕೆಂಪೇರಿತು. ಪುಸ್ತಕದಲ್ಲಿ ನಲವತ್ತಮೂರು ಅಳತೆಗಳಾದವು. ಮುಗಿದ ಮೇಲೆ, "ಆ ತುದಿ ಬಿಡಿ, ಸುತ್ತಬೇಕು" ಎಂದಳು.

"ಆಗ ಬಿಡಬೇಡಿ ಅಂದ್ರಿ."

"ಈಗ ಬಿಡಿ ಅಂತಿದೀನಿ."

ಅವನು ಬಿಡಲಿಲ್ಲ. ಟೇಪು ಸುತ್ತಿಕೊಳ್ಳುತ್ತಾ ಹೋದಂತೆ ಅದರ ಹಿಂದೆಯೇ ಒಂದೊಂದು ಹೆಜ್ಜೆ ಬಂದು, ತುದಿಯನ್ನು ಅವಳ ಅಂಗೈಯಲ್ಲಿಟ್ಟು, ತಾಯಿಯನ್ನು ಎಬ್ಬಿಸಲು ಹೋದ.

*

ಉತ್ಸವದ ದಿನ ಬೆಳಗ್ಗೆ ಆರೂವರೆಗೆ ದೊಡ್ಡಬೀದಿ ಖಾಲಿಯಾಗಿತ್ತು. ಈ ವರ್ಷ ಸುಣ್ಣದ ಬದಲು ಬಣ್ಣದ ಟೇಪಿನ ಪಟ್ಟಿ ಅಂಟಿಸಲು ಅವಳೇ ಹೇಳಿದ್ದಳು. ಅದು ನೋಡಲು ಅಚ್ಚುಕಟ್ಟು, ಅಳಿಸಿಹೋಗುವುದಿಲ್ಲ ಎಂದು.

ತಾಯಿಯ ಕೈ ಹಿಡಿದು ಬಂದ ರೊಟ್ಟಿಯವನು ಹದಿನೇಳನೇ ನಂಬರಿನ ಮುಂದೆ ನಿಂತುಬಿಟ್ಟ. ಲೈಬ್ರರಿಯ ಗೋಡೆ ಹಿಂದೆ. ಅದು ನಾಲ್ಕಿಂಚು ದೂರವಾಗಿದ್ದಕ್ಕೆ ನಡುವೆ ಒಂದು ಹಲಗೆ. ಮೆಟ್ಟಿಲು ಇರಬೇಕಾದಲ್ಲಿ ಅದೇ ಎತ್ತರಕ್ಕೆ ಕೂರಿಸಿದ ಇಟ್ಟಿಗೆ. ಎಡಕ್ಕೆ ನೀರಿನ ಡ್ರಮ್ಮು, ಅದರ ನಲ್ಲಿ ಹಳೇ ನಲ್ಲಿಯ ಎತ್ತರಕ್ಕೇ. ಪಕ್ಕದಲ್ಲಿ ನಿಂತಿದ್ದ ಅವಳ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು.

ತಾಯಿ ಕೂತರು. ಬೆನ್ನು ಒರಗಿತು, ಪಾದ ಇಟ್ಟಿಗೆ ಸೇರಿತು, ಕೈ ನಲ್ಲಿ ಮುಟ್ಟಿತು. ಅವರ ಮುಖ ಅರಳಿತು. ಅವನು ಒಲೆ ಹತ್ತಿಸಲು ಬಗ್ಗಿದ. ಅಷ್ಟರಲ್ಲಿ ತಾಯಿ ಕೈ ಹಿಂದಕ್ಕೆಳೆದುಕೊಂಡರು.

"ನನ್ನ ಗೆರೆ ಎಲ್ಲಿ?"

"ಯಾವ ಗೆರೆ ಅಮ್ಮ?" ಎಂದ ಮಗ.

"ಮುಂದುಗಡೆ ಒದ್ದೆ ಸುಣ್ಣದ ವಾಸನೆ ಇರ್ತಿತ್ತಲ್ಲೋ. ಅಲ್ಲಿಗೆ ನಾನು ಮುಗೀತೀನಿ, ಜನ ಶುರುವಾಗ್ತಾರೆ. ಅದಿಲ್ಲದೆ ಬಿಸಿ ಕಾವಲಿ ಯಾವ ಕಡೆ ಎತ್ತಲಿ? ಯಾವ ಮಗು ಬಂದು ನಿಂತಿರುತ್ತೋ." ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡರು. "ಬೇಡ. ನನ್ನ ಕೈಲಾಗಲ್ಲ. ಮನೆಗೆ ಹೋಗೋಣ."

ನಲವತ್ತಮೂರು ಅಳತೆ ಬರೆದುಕೊಂಡವಳು ವಾಸನೆಯನ್ನು ಬರೆದುಕೊಂಡಿರಲಿಲ್ಲ. ಉಳಿದ ಯಾರು ಮರೆತರೂ ತಾನು ಮರೆಯಬಾರದಿತ್ತು ಎಂದು ಅವಳಿಗೆ ಚುರುಕ್ಕೆಂದಿತು. ಗಡಿಯಾರದಲ್ಲಿ ಏಳೂ ಕಾಲು. ಎಂಟರೊಳಗೆ ಒಲೆ ಹತ್ತದಿದ್ದರೆ ನಂಬರ್ ರದ್ದು. ಅದಕ್ಕೆ ಸಹಿ ಹಾಕಬೇಕಾದವಳೂ ಅವಳೇ.

"ಅಮ್ಮನ್ನ ಎಬ್ಬಿಸಬೇಡಿ" ಎಂದವಳೇ ಓಡಿದಳು.

ಪುರಸಭೆಯ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದೆ, ಅಪ್ಪನ ಡಬ್ಬಿ ಇನ್ನೂ ಇತ್ತು. ತಳಕ್ಕೆ ಮೊಳೆಯಿಂದ ತೂತು ಹೊಡೆದ ತಗಡಿನ ಡಬ್ಬಿ. ಪಕ್ಕದಲ್ಲಿ ಅರ್ಧ ಚೀಲ ಸುಣ್ಣ. ಅವಳು ಏದುಸಿರು ಬಿಡುತ್ತಾ ಬಂದು, ಹದಿನೇಳನೇ ನಂಬರಿನ ಮುಂದೆ, ಹಳೇ ಮೂಲೆಯಲ್ಲಿ ಗೆರೆ ಎಷ್ಟು ದೂರವಿರುತ್ತಿತ್ತೋ ಅಷ್ಟೇ ದೂರಕ್ಕೆ ಡಬ್ಬಿ ಅಲ್ಲಾಡಿಸುತ್ತಾ ನಡೆದಳು. ಬೆಳ್ಳನೆಯ ಗೆರೆ ಅವಳ ಹೆಜ್ಜೆಯ ಹಿಂದೆ ಬಂತು. ಬೊಗಸೆಯಲ್ಲಿ ನೀರು ತೆಗೆದು ಚಿಮುಕಿಸಿದಳು, ಒಂದು ಸಲ, ಇನ್ನೊಂದು ಸಲ.

ವಾಸನೆ ಎದ್ದಿತು. ತಾಯಿ ಉದ್ದಕ್ಕೆ ಉಸಿರೆಳೆದುಕೊಂಡು ನೆಟ್ಟಗೆ ಕೂತರು.

"ಹಾಂ. ಈಗ ಬೀದಿ ಬಂತು." ಆಮೇಲೆ ತಲೆ ಓರೆ ಮಾಡಿ ಕೇಳಿದರು, "ಎರಡು ಸಲ ನೀರು ಹಾಕಿದ್ದು ಯಾರು? ಹಿಂದೆ ಒಬ್ಬರು ಹೀಗೇ ಹಾಕ್ತಿದ್ರು."

ಅವಳು ಅಪ್ಪನ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ರೊಟ್ಟಿಯವನು ಒಲೆ ಹತ್ತಿಸಿದ. ಎಂಟಕ್ಕೆ ಇನ್ನೂ ಆರು ನಿಮಿಷವಿತ್ತು.

ಆಮೇಲೆ ಜನ ಬಂದರು. ಬೀದಿ ತುಂಬಿ ತುಳುಕಿತು. ಅವಳು ದಿನವಿಡೀ ಓಡಾಡುತ್ತಾ, ಎಷ್ಟೋ ಸಲ ಲೈಬ್ರರಿ ಗೋಡೆಯ ಹತ್ತಿರ ನಿಂತು ನೋಡಿದಳು. ಆ ಕೈಗಳು ಹಾರುತ್ತಿದ್ದವು. ಮುಗಿಬಿದ್ದ ಜನರಲ್ಲಿ ಒಬ್ಬರೂ ಆ ತೆಳು ಗೆರೆಯನ್ನು ದಾಟಲಿಲ್ಲ; ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಎಷ್ಟು ಸಾವಿರ ಕಾಲುಗಳು ಒಂದು ಮುಷ್ಟಿ ಸುಣ್ಣಕ್ಕೆ ಮರ್ಯಾದೆ ಕೊಡುತ್ತಿವೆ ಎಂದು ಬೆರಗಾಗಿ ನಿಂತಳು. ಅಪ್ಪ ಇಷ್ಟು ವರ್ಷ ಮಾಡಿದ್ದು ಇದನ್ನೇ ಅಲ್ಲವೇ?

ಸಂಜೆ ಆರಕ್ಕೆ ಉತ್ಸವ ಮುಗಿಯಿತು. ಕೊನೆಯ ಅಂಗಡಿಯ ಸಹಿ ಹಾಕಿಸಿಕೊಳ್ಳಲು ಅವಳು ಹದಿನೇಳಕ್ಕೆ ಬಂದಳು. ಗೆರೆಯ ಆಚೆ ಅವನು, ಈಚೆ ಅವಳು.

"ಇನ್ನೊಂದು ಅರ್ಜಿ ಇದೆ" ಎಂದ ಅವನು, ಸಹಿ ಹಾಕುತ್ತಾ. "ಯಾವ ಫಾರಂ ಅಂತ ಗೊತ್ತಿಲ್ಲ. ಒಂದು ದಿನದ ಪರ್ಮಿಟ್ ಅಲ್ಲ. ಪೂರ್ತಿ ಆಯುಷ್ಯಕ್ಕೆ."

ಅವಳು ಪುಸ್ತಕ ಮುಚ್ಚಿದಳು. "ಏಳು ದಿನ ನೋಟಿಸ್ ಹಾಕ್ಬೇಕು. ಯಾರ ಆಕ್ಷೇಪಣೆನೂ ಬರದಿದ್ರೆ ಮಂಜೂರು."

"ಯಾರಾದ್ರೂ ಇದಾರಾ, ಆಕ್ಷೇಪಣೆ ಮಾಡೋರು?"

"ನನಗೆ ಗೊತ್ತಿರೋ ಹಾಗೆ ಇಲ್ಲ" ಎಂದಳು. ಟೇಪಿನ ತುದಿಯಿಲ್ಲದೆಯೇ ಅವಳ ಅಂಗೈ ಮುಂದೆ ಚಾಚಿತ್ತು. ಅದು ಅವಳಿಗೆ ತಡವಾಗಿ ತಿಳಿಯಿತು.

ಹಿಂದಿನಿಂದ ತಾಯಿ ಕೇಳಿದರು, "ತನಿಖೆ ಮುಗೀತೇನಮ್ಮ?"

"ಮುಗೀತು ಅಮ್ಮ."

"ಬೆಳಗಿಂದ ಏನೂ ತಿಂದಿಲ್ಲ ನೀನು. ಹೊಟ್ಟೆ ಕೂಗೋದೂ ನನಗೆ ಕೇಳುತ್ತೆ." ತಾಯಿಯ ಬೆರಳುಗಳು ಮಡಿಲಲ್ಲಿ ಏನನ್ನೋ ಮಡಿಸಿ ಮುಗಿಸಿ, ಮಗನ ಕೈಗೆ ಕೊಟ್ಟವು.

ಅವನು ಗೆರೆ ದಾಟಿ ಬಂದು ಅದನ್ನು ಅವಳ ಅಂಗೈಯಲ್ಲಿಟ್ಟ. ಬೆಚ್ಚಗಿನ ಕಾಗದದ ಪೊಟ್ಟಣ. ದಾರವಿಲ್ಲ. ಒಂದು ಮೂಲೆ, ಎರಡು ಸಲ ಮಡಿಸಿ, ಒಳಗೆ ಸಿಕ್ಕಿಸಿತ್ತು.