ಫೋನ್ ಕೆಳಗಿಡುವ ಮೊದಲು

ದೂರು ಬರೆದವಳು ಅವಳೇ. ಬರೆದು, ಎರಡು ಸಲ ಓದಿ, ಒಂದು ಅಲ್ಪವಿರಾಮ ತಿದ್ದಿ, ಮುಖ್ಯ ಕಚೇರಿಗೆ ಕಳಿಸಿದವಳೂ ಅವಳೇ.

'ನಮ್ಮ ಪಾರ್ಸೆಲ್ ಶಾಖೆಯ ಬದಲಿ ಲೈನ್ ಎದ್ದೇಳಲು ಮೊದಲು ಹತ್ತು ಸೆಕೆಂಡು ಸಾಕಾಗುತ್ತಿತ್ತು. ಈಚೆಗೆ ಇಪ್ಪತ್ತು, ಆಮೇಲೆ ನಲವತ್ತು, ಕಳೆದ ತಿಂಗಳು ತೊಂಬತ್ತು. ರೂಟರ್ ಕೆಟ್ಟಿರಬಹುದು.'

ಕೌಂಟರಿನಲ್ಲಿ ಕೂರುವ ಅವಳಿಗೆ ರೂಟರಿನ ಬಗ್ಗೆ ತಿಳಿದದ್ದು ಇಷ್ಟೇ: ಮುಖ್ಯ ಕಚೇರಿಗೆ ಹೋಗುವ ದೊಡ್ಡ ಲೈನ್ ಕೈಕೊಟ್ಟರೆ, ಕಪಾಟಿನ ಮೇಲಿನ ಆ ಪೆಟ್ಟಿಗೆ ಸ್ವಲ್ಪ ಹೊತ್ತು ಕಾದು, ಶಾಖೆಗಿದ್ದ ಒಂದೇ ಒಂದು ಫೋನ್ ಲೈನಿನಲ್ಲಿ ತಾನೇ ಡಯಲ್ ಮಾಡಿ ಕಂಪ್ಯೂಟರುಗಳ ಕೆಲಸ ನಡೆಸುತ್ತದೆ. ಅದನ್ನು ಪರೀಕ್ಷಿಸಲು ಪ್ರತಿ ತಿಂಗಳ ಎರಡನೇ ಮಂಗಳವಾರ, ಬಾಗಿಲು ತೆರೆಯುವ ಮುನ್ನ, ಮುಖ್ಯ ಕಚೇರಿಯ ನೆಟ್‌ವರ್ಕ್ ಎಂಜಿನಿಯರ್ ಫೋನ್ ಮಾಡುತ್ತಿದ್ದ. ಅವಳು ದೊಡ್ಡ ಲೈನಿನ ಕೇಬಲ್ ಕೀಳಬೇಕು. ಅವನು ಹೇಳಿದ ತಕ್ಷಣ ಫೋನ್ ಕೆಳಗಿಡಬೇಕು. ಇಡದಿದ್ದರೆ ಪೆಟ್ಟಿಗೆಗೆ ಡಯಲ್ ಮಾಡಲು ಲೈನೇ ಸಿಗುವುದಿಲ್ಲ.

ಶಾಖೆಯವರು ಅವನನ್ನು 'ಲೈನ್ ಸಾಹೇಬರು' ಎನ್ನುತ್ತಿದ್ದರು. ಮುಖ ನೋಡಿದವರು ಯಾರೂ ಇರಲಿಲ್ಲ.

ಕೇಬಲ್ ಕಿತ್ತ ಮೇಲಿನ ಬಿಡುವಿನಲ್ಲಿ ಅವನು ಏನಾದರೂ ಕೇಳುತ್ತಿದ್ದ. ಕಿಟಕಿಯಿಂದ ಏನು ಕಾಣುತ್ತೆ? ಈ ತಿಂಗಳ ವಿಚಿತ್ರ ಪಾರ್ಸೆಲ್ ಯಾವುದು? ಯಾರೋ ಒಂಟಿ ಚಪ್ಪಲಿಯನ್ನು ಭದ್ರವಾಗಿ ಪ್ಯಾಕ್ ಮಾಡಿ ಕಳಿಸಿದ್ದನ್ನು ಅವಳು ಹೇಳಿದಾಗ ಅವನು ನಕ್ಕ ನಗು ಮುಂದಿನ ತಿಂಗಳ ಮಂಗಳವಾರದವರೆಗೂ ಅವಳಿಗೆ ಬಾಳಿಕೆ ಬಂತು. ಬೇರೆ ದಿನ ಫೋನ್ ಮಾಡಬೇಕೆಂದರೆ ಕಾರಣ ಬೇಕು. ಕಾರಣವಿಲ್ಲದೆ ಮಾಡುವಷ್ಟು ಎದೆಗಾರಿಕೆ ಇಬ್ಬರಲ್ಲೂ ಇರಲಿಲ್ಲ.

ಬಿಡುವು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿರುವುದನ್ನು ಗೋಡೆ ಗಡಿಯಾರ ನೋಡಿ ಬರೆದಿಟ್ಟುಕೊಂಡವಳಿಗೆ, ಯಾಕೆ ಬೆಳೆಯುತ್ತಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ದೂರಿಗೆ ಉತ್ತರ ಬಂತು. 'ಈ ಮಂಗಳವಾರ ಹದಿನೈದು ಸೆಕೆಂಡಿನೊಳಗೆ ಲೈನ್ ಎದ್ದರೆ ಪೆಟ್ಟಿಗೆ ಸರಿಯಿದೆ ಎಂದರ್ಥ. ಮುಂದಿನ ಪರೀಕ್ಷೆಗಳನ್ನು ಇಲ್ಲಿಂದಲೇ ಮಾಡುತ್ತೇವೆ, ಫೋನಿನ ಅಗತ್ಯವಿಲ್ಲ. ಪರೀಕ್ಷೆ ವಿಫಲವಾದರೆ ಎಂಜಿನಿಯರ್ ಖುದ್ದಾಗಿ ಬರುತ್ತಾರೆ.'

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಅವಳಿಗೆ ಆಗ ಅರ್ಥವಾಯಿತು. ಈ ಮಂಗಳವಾರ ಕಳೆದರೆ ಆ ದನಿ ಇನ್ನು ಕೇಳುವುದಿಲ್ಲ.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಅತ್ತಿಗೆ ಅವಳ ಕೋಣೆಯ ಬಾಗಿಲಿಗೆ ಒರಗಿ ನಿಂತರು.

"ಏನೇ, ತಿಂಗಳಿಗೊಂದು ದಿನ ಮಾತ್ರ ಈ ಇಸ್ತ್ರಿ, ಈ ಕನ್ನಡಿ? ಫೋನಲ್ಲಿ ಅದೆಲ್ಲ ಕಾಣುತ್ತೇನು?"

"ಆಫೀಸ್ ಕೆಲಸ ಅತ್ತಿಗೆ."

"ಹೌದಮ್ಮಾ, ಕಿವಿ ಕೆಂಪಾಗೋವಂಥ ಆಫೀಸ್ ಕೆಲಸ!"

ಎಂಟೂವರೆಗೆ ಸರಿಯಾಗಿ ಫೋನ್ ಬಂತು.

"ಮೇಡಂ, ಕೇಬಲ್ ಕೀಳೋಕೆ ಮುಂಚೆ ಒಂದು ಮಾತು," ಎಂದ ಅವನು. "ರೂಟರ್ ಕೆಟ್ಟಿಲ್ಲ. ಅದು ಕಾಯೋ ಸಮಯನ ಹೆಚ್ಚು ಮಾಡಿದ್ದು ನಾನೇ."

"ನೀವಾ? ಯಾಕೆ?"

"ಅದು ಕಾಯ್ತಾ ಇರೋವಷ್ಟು ಹೊತ್ತು ನೀವು ಫೋನ್ ಇಡಬೇಕಾಗಿಲ್ಲವಲ್ಲ."

ಅವಳಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಹೋದ ವಾರ ನಿಜವಾಗಿಯೂ ಲೈನ್ ಹೋಗಿತ್ತು ಗೊತ್ತಾ? ಎಂಟು ಜನ ಪಾರ್ಸೆಲ್ ಹೊತ್ತುಕೊಂಡು ಸುಮ್ಮನೆ ನಿಂತಿದ್ರು. ಬೈಸಿಕೊಂಡಿದ್ದು ನಾನು."

"ತಪ್ಪಾಯ್ತು. ನಿನ್ನೆಯೇ ಮತ್ತೆ ಹತ್ತಕ್ಕೆ ಇಳಿಸಿದೀನಿ." ಎಂದ ಅವನು. "ಇದೇ ಕೊನೆ ಫೋನು. ಕೇಬಲ್ ತೆಗೀರಿ ಮೇಡಂ."

ಅವಳು ಕಿತ್ತಳು. ಹಸಿರು ದೀಪ ಆರಿತು. "ತೆಗೆದೆ."

"ನೀವು ಅಂದ್ರೆ ನಂಗೆ ತುಂಬ ಇಷ್ಟ," ಎಂದ ಅವನು, ಒಂದೇ ಉಸಿರಿನಲ್ಲಿ. "ಉತ್ತರ ಬೇಡ, ಟೈಮಿಲ್ಲ. ಇಡಿ."

ಎರಡು ವರ್ಷ ಅವನು ಇಡಿ ಎಂದಾಗೆಲ್ಲ ಅವಳು ಇಟ್ಟಿದ್ದಳು. ಗಡಿಯಾರದಲ್ಲಿ ಆರು ಸೆಕೆಂಡು ದಾಟಿತು, ಏಳು, ಎಂಟು. ರಿಸೀವರ್ ಕಿವಿಯಲ್ಲೇ ಇತ್ತು.

ಹತ್ತಕ್ಕೆ ಪೆಟ್ಟಿಗೆ ಡಯಲ್ ಮಾಡಲು ಹೊರಟು, ಇಬ್ಬರ ನಡುವೆ ಪೀಂ ಪೀಂ ಎಂದಿತು.

"ಮೇಡಂ, ಇಡಿ! ಅದು ಡಯಲ್ ಮಾಡ್ತಿದೆ!"

"ಮಾಡ್ಲಿ ಬಿಡಿ."

"ಟೆಸ್ಟ್ ಫೇಲ್ ಆಗುತ್ತೆ."

"ಆದ್ರೆ ಯಾರು ಬರ್ತಾರೆ?"

ಪೆಟ್ಟಿಗೆ ಮತ್ತೆ ಪೀಂ ಎಂದಿತು.

"ನಾನೇ," ಎಂದ.

"ಹಾಗಾದ್ರೆ ಬನ್ನಿ. ಉತ್ತರ ಇಲ್ಲೇ ಕೊಡ್ತೀನಿ," ಎಂದು ಹೇಳಿ, ಆಮೇಲೆ ಫೋನ್ ಕೆಳಗಿಟ್ಟಳು. ಕೇಬಲನ್ನು ಅದರ ಜಾಗಕ್ಕೆ ಸಿಕ್ಕಿಸಿದಳು.

ಬೀಗದ ಕೈ ಗೊಂಚಲು ಹಿಡಿದು ಒಳಬಂದ ಮ್ಯಾನೇಜರ್ ಅವಳ ಮುಖ ನೋಡಿ ಗಾಬರಿಯಾದರು. "ಏನಮ್ಮಾ, ಕೆಟ್ಟೇಹೋಯ್ತಾ?"

"ಅವರೇ ಬಂದು ನೋಡ್ಬೇಕು ಸರ್."

ಪರೀಕ್ಷೆಯ ಫಾರ್ಮ್ ತೆಗೆದು, 'ಫಲಿತಾಂಶ' ಎಂಬಲ್ಲಿ 'ವಿಫಲ' ಎಂದು ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಳಗೆ 'ಕಾರಣ' ಎಂಬ ಸಾಲಿತ್ತು, ಸ್ಥಳಕ್ಕೆ ಬಂದ ಎಂಜಿನಿಯರ್ ತುಂಬಬೇಕಾದದ್ದು. ಅವಳು ಅದನ್ನು ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕಿದಳು.