ಬಜೆಯ ವಾಸನೆ

ಧಾರವಾಡದಾಚೆ ಗಣಿಗೆ ರಸ್ತೆ ಮಾಡುವಾಗ ಕೆರೆದು ಗುಡ್ಡೆ ಹಾಕಿದ್ದ ಮೇಲ್ಮಣ್ಣನ್ನು ಈ ವರ್ಷ ರಸ್ತೆಯ ಎರಡೂ ಬದಿಗೆ ಹರಡಿದರು. ಅದರಲ್ಲಿ ಹೊಂಗೆ ಸಸಿ ನೆಡಲು ನಾವು ಹೆಂಗಸರು ಹೋಗುತ್ತಿದ್ದೆವು. ಜೊತೆಗಿದ್ದ ದೇವಕ್ಕ ತನ್ನ ಎಳೆಗೂಸನ್ನು ರಸ್ತೆ ಆಗುವ ಮೊದಲು ಅಲ್ಲೇ ಮಣ್ಣು ಮಾಡಿದ್ದಳು.

"ಆ ಮಣ್ಣು ಎಲ್ಲಿ ಹೋತೋ, ಇನ್ನ ಎಲ್ಲಿ ಹಾಲು ಹಾಕ್ಲಿ?" ಎನ್ನುತ್ತ ಪ್ರತಿ ಗುಂಡಿಯನ್ನೂ ಮೂಸುತ್ತಿದ್ದಳು.

"ಸಸಿ ಹಚ್ಚಾಕ ಬಂದಿಯೋ, ಮಣ್ಣು ತಿನ್ನಾಕ ಬಂದಿಯೋ?" ಎಂದು ಉಳಿದವರು ನಗುತ್ತಿದ್ದರು.

ಒಂದು ಮುಂಜಾನೆ ನಾನು ಕೈಹಾಕಿದ ಗುಂಡಿಯ ಮಣ್ಣು ಮೈಯಷ್ಟು ಬೆಚ್ಚಗಿತ್ತು. ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ವಾಸನೆ ಬಂತು.

"ಅಕ್ಕಾ, ಇಲ್ಲಿ ಬರ್ರಿ" ಎಂದೆ.

ಬಂದವಳು ಹಾಲಿನಿಂದ ತೊಯ್ದಿದ್ದ ನನ್ನ ಕುಪ್ಪಸ ನೋಡಿ, ತನ್ನ ಸಸಿಯನ್ನು ಆ ಗುಂಡಿಯಲ್ಲೇ ನೆಟ್ಟಳು.

ನನ್ನ ಮಗಳಿಗೆ ಎದೆಹಾಲು ಬಿಡಿಸಿ ಆರು ವರ್ಷವಾಗಿತ್ತು.