ಸೆರಗು ಝಾಡಸಂಗಿಲ್ಲ

"ಸೆರಗು ಝಾಡಸು, ಶೇವಂತಾ!"

"ಝಾಡಸಂಗಿಲ್ಲ!"

"ಗಿರಣಿ ಕಾನೂನು ಅದ. ಝಾಡಸಬೇಕು ಅಂದ್ರ ಝಾಡಸಬೇಕು."

"ಬೆಂಕಿ ಹತ್ತಲಿ ನಿನ್ನ ಕಾನೂನಿಗಿ! ಸಾವ್ಕಾರನ ಹೇಂತಿ ಹೊರಗ ಹೋಗುವಾಗ ಹಿಂಗ ನಿಂದರಿಸ್ತೀಯೇನು? ಮೊದಲ ಆಕಿದು ಝಾಡಸು, ಆಮ್ಯಾಲ ನಂದು!"

ಕಲಬುರಗಿಯ ಆ ಬೇಳೆ ಗಿರಣಿಯ ಗೇಟಿನಲ್ಲಿ ಮೂವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ದಿನವಿಡೀ ಮೊರ ಹಿಡಿದು ತೊಗರಿ ಬೇಳೆ ಹಸನು ಮಾಡುವವರು. ಸಂಜೆ ಭೋಂಗಾ ಕೂಗಿದ ಮೇಲೆ ಒಬ್ಬೊಬ್ಬರೇ ಮುನ್ಶಿಯ ಮೇಜಿನ ಮುಂದೆ ನಿಂತು, ಸೆರಗು ಬಿಚ್ಚಿ, ನೆರಿಗೆ ಹಿಡಿದು ಝಾಡಿಸಿ ಕೊಡವಬೇಕು. ಒಂದು ಹಿಡಿ ಬೇಳೆಯೂ ಹೊರಗೆ ಹೋಗಬಾರದು.

ಗಿರಣಿಯವರು ಇದಕ್ಕೆ ಝಡತಿ ಅನ್ನುತ್ತಾರೆ. ನಾನು ಇದನ್ನು ಮಾನ ತೆಗೆಯುವುದು ಅನ್ನುತ್ತೇನೆ.

ಮೇಜಿನ ಹಿಂದೆ ಕೂತವನು ದೇವಿಂದ್ರಪ್ಪ. ಕಮಲಾಪುರದಲ್ಲಿ ಶೇವಂತಾಳ ಓಣಿಯವನೇ. ಉರ್ದು ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿ, ಆ ಓಣಿಯಿಂದ ಬಂದು ಕುರ್ಚಿಯ ಮೇಲೆ ಕೂತ ಮೊದಲ ಮನುಷ್ಯ. ಅವನು ಕುರ್ಚಿಯ ಮೇಲೆ ಕೂತ ದಿನ ಶೇವಂತಾಳ ಎದೆ ಎಷ್ಟು ಉಬ್ಬಿತ್ತೋ ಅವಳಿಗೇ ಗೊತ್ತು. ಅದಕ್ಕೇ ಇವತ್ತಿನ ಸಿಟ್ಟು ದುಪ್ಪಟ್ಟು!

"ದಿನಾ ನಮ್ಮ ಪಾಳಿ ಬಂದಾಗ ಬೇವಿನ ಗಿಡದ ಕಡೆ ಮಾರಿ ತಿರುವತಿದ್ದಿ, ಹೇಸಿಗಿ ಕಂಡೋರಂಗ. ಇವತ್ತ ನಿನಗ ಕಣ್ಣ ಬಂದಾವೇನು?"

ದೇವಿಂದ್ರಪ್ಪನ ಮುಖ ಕಪ್ಪಿಟ್ಟಿತು. ಅವನ ಕಣ್ಣು ಒಂದು ಸಲ ಮೇಲೆ ಹೋಗಿ ಬಂತು. ಮಾಳಿಗೆಯ ಕಿಟಕಿಯಲ್ಲಿ ಗಿರಣಿಯ ಮಾಲಕ ದೌಲಪ್ಪ ಸಾವ್ಕಾರ ನಿಂತಿದ್ದ. ಶೇವಂತಾ ಅತ್ತ ನೋಡಲಿಲ್ಲ.

"ಕೈ ಮುಗೀತೀನಿ..." ಅವನು ಹಲ್ಲು ಕಚ್ಚಿಕೊಂಡೇ ಅಂದ. "ಇದೊಂದ್ ದಿನ..."

"ಝಾಡಿಸಿ ಬಿಡ ಯವ್ವಾ, ಹೊತ್ತ ಮುಳಗ್ಯಾದ," ಹಿಂದಿನಿಂದ ಯಾರೋ ಅಂದರು.

ಶೇವಂತಾ ತುಟಿ ಕಚ್ಚಿ ಸೆರಗು ಬಿಚ್ಚಿದಳು. ಝಾಡಿಸಿದಳು.

ಟಪ್... ಟಪ್... ಮೂರೇ ಮೂರು ಬೇಳೆ ನೆಲಕ್ಕೆ ಬಿದ್ದವು. ಬೆವರಿಗೆ ಅಂಟಿಕೊಂಡು ನೆರಿಗೆಯಲ್ಲಿ ಉಳಿದಿದ್ದವು ಅಷ್ಟೇ.

ಮೇಲಿನಿಂದ ನಗು ಕೇಳಿತು. "ಸಿಕ್ಕಳಲ್ಲ ಬಾಯಿಬಡಕಿ! ಕಳ್ಳಿ ಅಂತ ಬರಕೋ ಮುನ್ಶಿ. ಸೋಮವಾರ ನೋಡ್ತೀನಿ ಆಕಿನ್ನ!"

ದೇವಿಂದ್ರಪ್ಪ ಪೆನ್ಸಿಲು ಎತ್ತಿಕೊಂಡ. ಅವಳು ಅದನ್ನು ನೋಡಿದಳು.

"ಬರಿ," ಅಂದಳು. "ದಪ್ಪಗ ಬರಿ. ಕಮಲಾಪುರದ ಮುನ್ಶಿ ಕಮಲಾಪುರದ ಕಳ್ಳಿನ್ನ ಹಿಡದಾನ ಅಂತ ಬರಿ!"

ಹಿಂದೆ ತಿರುಗಿ ನೋಡದೆ ಹೋದಳು.

*

ಮರುದಿನ ರವಿವಾರ. ನಿಜಾಮನ ಕಾಲದಲ್ಲಿ ಗಿರಣಿಗೆ ಶುಕ್ರವಾರ ರಜೆ ಇತ್ತು, ಹಿಂದೂಸ್ತಾನದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ರವಿವಾರ ಆಯಿತು. ಆ ಹೆಂಗಸರ ಪಾಲಿಗೆ ಬದಲಾದದ್ದು ಅಷ್ಟೇ!

ಶೇವಂತಾಳ ತಾಯಿ ಭೀಮಬಾಯಿ ಕಮಲಾಪುರದ ಗೌಡರ ತೋಟದಲ್ಲಿ ಬಾಳೆಗೊನೆ ಹೊರುತ್ತಿದ್ದವಳು. ಆಕೆಯ ಸೊಂಟ ಹೋಗಿ ಆರು ತಿಂಗಳಾಗಿತ್ತು. ಇಬ್ಬರ ಹೊಟ್ಟೆಗೂ ಈಗ ಮಗಳ ಮೊರವೇ ಗತಿ. ಒಂದು ಗಿರಣಿಯಲ್ಲಿ ಕಳ್ಳಿ ಅಂತ ಹೆಸರು ಬಂದರೆ ಊರಿನ ಯಾವ ಗಿರಣಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಾತ್ರಿಯೆಲ್ಲ ಶೇವಂತಾ ಇದನ್ನೇ ನೆನೆದಿದ್ದಳು.

ರಜೆಗೆ ಊರಿಗೆ ಬಂದವಳು ತೋಟದಲ್ಲಿ ತಾಯಿಯ ಬದಲು ಕೆಂಪು ಬಾಳೆಯ ಗೊನೆಗೆ ಒಣ ಎಲೆ ಸುತ್ತುತ್ತಿದ್ದಾಗ ದೇವಿಂದ್ರಪ್ಪ ಬಂದು ನಿಂತ.

"ಒಂದ್ ಮಾತ ಕೇಳು ಶೇವಂತಾ..."

"ಕಳ್ಳಿ ಜೋಡಿ ಮಾತಾಡಿದ್ರ ಕುರ್ಚಿಗಿ ಮೈಲಿಗಿ ಆಗ್ತದ, ನಡಿ."

"ಸ್ವಲ್ಪ ದಿನ ತಡಿ ಅಂತ ಹೇಳಾಕ ಬಂದೀನಿ. ಎಲೆಕ್ಷನ್ ಆಗ್ಯಾದ. ಹೈದರಾಬಾದದಾಗ ನಮ್ಮ ಮಂದಿ ಹೋಗಿ ಕುಂದರ್ತಾರ. ಕೂಲಿಯವರಿಗಿ ಕಾಯ್ದೆ ಬರ್ತದ."

ಅವಳು ಎಡಗೈ ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. ಉಗುರಿನ ಬುಡದಲ್ಲಿ ಕಪ್ಪು ಮಸಿ ಇನ್ನೂ ಉಳಿದಿತ್ತು.

"ಇದು ನೋಡು! ವೋಟು ಹಾಕಿದ ಮಸಿ. ಆವತ್ತ ಮುಂಜಾನಿ ಡಬ್ಬ್ಯಾಗ ಚೀಟಿ ಹಾಕಿದೆ. 'ನೀನೂ ಸಾವ್ಕಾರನೂ ಇವತ್ತಿಂದ ಒಂದೇ' ಅಂದ್ರು ಮಂದಿ. ಸಂಜೀಕ ಇದೇ ಬೆರಳಿಲೆ ಸೆರಗ ಹಿಡದು ಝಾಡಿಸಿದೆ! ನಿನ್ನ ಕಾಯ್ದೆ ಬರೂತನಕಾ ಝಾಡಿಸ್ಕೋತ ನಿಂದರಲೇನು?"

"ನಾ ಕುರ್ಚಿ ಬಿಟ್ರ ನನಗಿಂತ ಕೆಟ್ಟಾಂವ ಬಂದು ಕುಂದರ್ತಾನ. ನಾ ಇದ್ದದ್ದಕ್ಕ ಸ್ವಲ್ಪರೆ..."

"ಸ್ವಲ್ಪರೆ ಏನು? ಛಲೋ ಮನಷ್ಯಾ ಝಡತಿ ಮಾಡಿದ್ರ ಮಾನ ಹೋಗಂಗಿಲ್ಲೇನು?"

ಶೇವಂತಾ ಗೊನೆಗೆ ಇನ್ನೊಂದು ಎಲೆ ಬಿಗಿದು ಸುತ್ತಿದಳು.

"ನಾಳಿ ನಾವು ಒಬ್ಬರೂ ಝಾಡಸಂಗಿಲ್ಲ. ಹೋಗು, ನಿನ್ನ ಸಾವ್ಕಾರಗ ಹೇಳು!"

ಅವನು ತಲೆ ತಗ್ಗಿಸಿ ಹೋದ. ತೋಟದ ಬೇಲಿ ದಾಟಿ ಮರೆಯಾಗುವವರೆಗೂ ಶೇವಂತಾ ನೋಡಿದಳು.

'ತಿರುಗಿ ಬಂದು ಇನ್ನೊಂದು ಜಗಳವಾದರೂ ಆಡಬಾರದೇ... ಹಾಳಾದವನು!'

*

ಸೋಮವಾರ ಮಧ್ಯಾಹ್ನ. ಹೆಂಗಸರು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಎಲ್ಲರದೂ ಜೋಳದ ರೊಟ್ಟಿ, ಕೆಂಪು ಖಾರ. ದಿನಕ್ಕೆ ಹದಿನೈದು ಚೀಲ ಬೇಳೆ ಹಸನು ಮಾಡುವವರ ಬುತ್ತಿಯಲ್ಲಿ ಬೇಳೆಯಿಲ್ಲ!

ಹಣಮಮ್ಮ ಆಯಿಯ ರೊಟ್ಟಿಯ ಮೇಲೆ ಮಾತ್ರ ಗಟ್ಟಿ ಬೇಳೆ ಇತ್ತು. ಆಕೆ ಎಲ್ಲರಿಗಿಂತ ಹಿರಿಯಳು, ಬಾಯಲ್ಲಿ ನಾಲ್ಕು ಹಲ್ಲು.

"ಆಯೀ, ಬ್ಯಾಳಿ ಎಲ್ಲಿದು?" ಶೇವಂತಾ ಕೇಳಿದಳು.

"ಗಿರಣೀದು."

"ಝಡತ್ಯಾಗ ಸಿಗಲಿಲ್ಲೇನು?"

"ನೋಡಿದ್ರಲ್ಲೇನ ಸಿಗೋದು!" ಮುದುಕಿ ಕಿಸಕ್ಕನೆ ನಕ್ಕಳು. "ಎರಡ ವರ್ಷ ಆತು, ಹೆಣ್ಣಮಕ್ಕಳು ಸೆರಗಿಗಿ ಕೈ ಹಚ್ಚಿದ ಕೂಡ್ಲೇ ಆ ಹುಡುಗ ಬೇವಿನ ಗಿಡ ನೋಡ್ತಾನ. ಗಿಡದಾಗ ಏನ್ ಅದನೋ ಮುನ್ಶಿ ಅಂತ ನಾನೇ ಒಂದಿನ ಕೇಳ್ದೆ. 'ನಮ್ಮವ್ವನೂ ಹಿಂಗೇ ಝಾಡಿಸಿ ಮನಿಗಿ ಬರ್ತಿದ್ಲು ಆಯೀ' ಅಂದ."

ಶೇವಂತಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಶನಿವಾರ ಮೊದಲಿಂದ್ಲೂ ಮ್ಯಾಲ ಕಿಡಕ್ಯಾಗ ಸಾವ್ಕಾರ ನಿಂತಿದ್ದ. ನೀ ನೋಡಲಿಲ್ಲ, ಬರೇ ಬಾಯಿ ಮಾಡ್ದಿ. ಅಂವ ಏನ್ ಮಾಡ್ಯಾನ, ಪಾಪ?"

'ಹೇಸಿಗೆ ಅಂದುಕೊಂಡಿದ್ದೆನಲ್ಲ... ಎರಡು ವರ್ಷ ಅವನು ನಮಗೆ ಕೊಟ್ಟದ್ದು ಮರ್ಯಾದೆಯೇ?'

ಕಣ್ಣು ತುಂಬಿ ಬಂತು. ಆದರೂ ಅವಳ ಹಟ ಕರಗಲಿಲ್ಲ. "ಅಂವ ಮಾರಿ ತಿರುವಿದ್ರೂ ನಾವು ಬಿಚ್ಚಿದ್ದು ಬಿಚ್ಚಿದ್ದೇ ಅಲ್ಲೇನು ಆಯೀ?"

ಮುದುಕಿ ಅಗಿಯುವುದನ್ನು ನಿಲ್ಲಿಸಿದಳು. "ಖರೇ ಅದ," ಅಂದಳು. ಊಟ ಮುಗಿಯುವುದರೊಳಗೆ, ಸಂಜೆ ಯಾರೂ ಝಾಡಿಸಬಾರದೆಂಬ ಮಾತು ಮೂವತ್ತೂ ಜನರಲ್ಲಿ ಗಟ್ಟಿಯಾಯಿತು.

*

ಸಂಜೆ ಭೋಂಗಾ ಕೂಗಿತು. ಇವತ್ತು ಸಾವ್ಕಾರ ತಾನೇ ಗೇಟಿಗೆ ಬಂದಿದ್ದ. ಮೇಜಿನ ಮೇಲಿನ ಝಡತಿ ಪುಸ್ತಕ ಎತ್ತಿ ಹಾಳೆ ತಿರುವಿದ. ಅವನ ಮೀಸೆ ಅದುರತೊಡಗಿತು.

"ಏನಲೇ ಇದು? ಎರಡು ವರ್ಷ, ದಿನಾ 'ಏನೂ ಸಿಕ್ಕಿಲ್ಲ'! ಶನಿವಾರನೂ 'ಏನೂ ಸಿಕ್ಕಿಲ್ಲ'! ನಾ ಕಣ್ಣಾರೆ ಕಂಡೀನಲ್ಲೋ!"

ಶೇವಂತಾ ಬೆಚ್ಚಿ ದೇವಿಂದ್ರಪ್ಪನನ್ನು ನೋಡಿದಳು. ಅವನು ಬರೆದಿರಲಿಲ್ಲ! ಅವಳನ್ನು ಕಳ್ಳಿ ಅಂತ ಬರೆದೇ ಇರಲಿಲ್ಲ!

"ಮೂರು ಬ್ಯಾಳಿ ಕಳವು ಅಲ್ರೀ ಸಾವ್ಕಾರ," ಅವನು ಮೆಲ್ಲಗೆ ಅಂದ.

"ಬಾಯಿ ಮುಚ್ಚು! ಏ, ಸಾಲ ಹಚ್ಚರಿ! ಝಾಡಸ್ರಿ!"

ಒಬ್ಬರೂ ಅಲುಗಲಿಲ್ಲ. ಶೇವಂತಾ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಗಿಸಿದಳು. ಪಕ್ಕದ ಹಣಮಮ್ಮ ಸಿಗಿಸಿದಳು. ಅವಳ ಪಕ್ಕದ ನೂರಜಹಾನಳೂ ಸಿಗಿಸಿದಳು. ಪೊಲೀಸ್ ಆಕ್ಷನ್ ದಿನಗಳಲ್ಲಿ ಹೊರಗೆ ಹೋದ ಅವಳ ಗಂಡ ಇನ್ನೂ ಬಂದಿರಲಿಲ್ಲ. ಆವತ್ತಿನಿಂದ ಅವಳು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನೀನೂ ಏನ ನೂರಜಹಾನ? ನಿನಗ ಕೆಲಸ ಕೊಡಾಕ ಯಾರೂ ತಯಾರಿದ್ದಿಲ್ಲ. ನಾ ಕೊಟ್ಟೆ!"

"ಕೆಲಸ ಕೊಟ್ಟೀರಿ ಸೇಠ್‌ಜೀ," ಅವಳು ತಲೆ ಎತ್ತಿ ಅಂದಳು. "ಇಜ್ಜತ್ ನಂದೇ ಅದ."

ಸಾವ್ಕಾರ ಸುತ್ತಲೂ ನೋಡಿದ. ಕಣ್ಣು ದೇವಿಂದ್ರಪ್ಪನ ಮೇಲೆ ನಿಂತಿತು.

"ನಿನ್ನಂಥಾಂವಗ ಕುರ್ಚಿ ಕೊಟ್ಟಾಂವ ನಾ. ಏಳು! ಆ ಶೇವಂತಾನ ಸೆರಗಿಗಿ ನೀನೇ ಕೈ ಹಾಕಿ ಝಾಡಸು. ಇಲ್ಲಂದ್ರ ನಡಿ ಹೊರಗ!"

ದೇವಿಂದ್ರಪ್ಪ ಎದ್ದ. ಮೇಜಿನ ಈಚೆ ಬಂದ. ಶೇವಂತಾ ಸಿಗಿಸಿದ ಸೆರಗಿನ ಮೇಲೆ ಕೈ ಇಟ್ಟುಕೊಂಡಳು. 'ನಿನ್ನೆ ಇವನನ್ನು ಎಷ್ಟು ಬೈದೆ... ಈಗ ಏನು ಮಾಡುತ್ತಾನೆ?'

ಅವನು ಅವಳನ್ನು ದಾಟಿ, ಹೆಂಗಸರು ದಿನಾ ನಿಲ್ಲುವ ಜಾಗದಲ್ಲಿ ಹೋಗಿ ನಿಂತ. ತಲೆಯ ಟೋಪಿ ತೆಗೆದು ಝಾಡಿಸಿದ. ಕೋಟು ಬಿಚ್ಚಿ, ಎರಡೂ ಕಿಸೆ ಹೊರಗೆ ಎಳೆದು ಝಾಡಿಸಿದ. ಧೋತರದ ಚುಂಗು ಹಿಡಿದು ಝಾಡಿಸಿದ. ಒಂದು ಪೆನ್ಸಿಲು ಕೆಳಗೆ ಬಿತ್ತು.

"ಪೆನ್ಸಿಲ್ ಗಿರಣೀದು, ತಗೋರಿ. ನನ್ನ ಝಡತಿ ಆತು. ಈಗ ನಿಮ್ಮ ಪಾಳಿ ಸಾವ್ಕಾರ. ತಲಿ ರುಮಾಲು ಬಿಚ್ಚರಿ!"

"ಏನಂದಿ?"

"ಇಷ್ಟ ಮಂದಿ ದುಡದದ್ದು ಯಾರ ಮನಿಗಿ ಹೋಗ್ಯಾದ, ಇವತ್ತ ಝಾಡಿಸಿ ನೋಡಮು. ಬಿಚ್ಚರಿ!"

ಹಣಮಮ್ಮ ಜೋರಾಗಿ ನಕ್ಕಳು. ಆಮೇಲೆ ಸಾಲೆಲ್ಲ ನಕ್ಕಿತು. ಸಾವ್ಕಾರನ ಕೈ ತಾನಾಗಿಯೇ ರುಮಾಲು ಹಿಡಿದುಕೊಂಡಿತು.

"ಹೊರಗ ನಡಿ! ಇನ್ನೊಮ್ಮಿ ಈ ಗೇಟಿನ್ಯಾಗ ಕಾಲಿಟ್ಟರ ಮುರೀತೀನಿ!"

"ಇಡಂಗಿಲ್ರೀ," ಅಂದ ದೇವಿಂದ್ರಪ್ಪ. ಕೋಟು ಹೆಗಲಿಗೆ ಹಾಕಿಕೊಂಡು ನಡೆದ.

ಅವನ ಹಿಂದೆ ಶೇವಂತಾ. ಅವಳ ಹಿಂದೆ ಉಳಿದವರೆಲ್ಲ, ಬಿಗಿದ ಸೆರಗಿನೊಂದಿಗೆ!

ನಾಲ್ಕು ದಿನ ಒಬ್ಬಳೂ ಮೊರ ಮುಟ್ಟಲಿಲ್ಲ. ತೊಗರಿಯ ಸುಗ್ಗಿ, ಚೀಲದ ಮೇಲೆ ಚೀಲ ಬಂದು ಅಂಗಳ ತುಂಬಿತು. ಐದನೆಯ ದಿನ ಸಾವ್ಕಾರನೇ ಹೇಳಿ ಕಳಿಸಿದ, ಝಡತಿ ಇಲ್ಲ, ಬರ್ರಿ ಅಂತ. ಶೇವಂತಾ ಎಲ್ಲರ ಮುಂದೆ ಒಳಗೆ ಹೋದಳು. ಗೇಟಿನ ಮೇಜು ಎತ್ತಿದ್ದರು. ದೇವಿಂದ್ರಪ್ಪನನ್ನು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಆ ಗೇಟು ಅವನು ಮತ್ತೆಂದೂ ದಾಟಲಿಲ್ಲ.

ಆದರೆ ಅದು ಐದನೆಯ ದಿನದ ಮಾತು. ಆ ಸೋಮವಾರ ಸಂಜೆ ರೋಜಾ ದರ್ಗಾದ ಕಡೆಗೆ ಹೋಗುವ ದಾರಿಯಲ್ಲಿ ಅವನು ಬಿರಬಿರನೆ ನಡೆಯುತ್ತಿದ್ದ. ಶೇವಂತಾ ಓಡಿ ಹೋಗಿ ಎದುರು ನಿಂತಳು. ಏದುಸಿರು.

"ನಾಳಿಂದ ಏನ್ ಮಾಡ್ತಿ?"

"ಕಚೇರಿ ಮುಂದ ಕುಂತು ಮಂದಿ ಅರ್ಜಿ ಬರಕೊಡ್ತೀನಿ. ಮೊದಲನೇದು ನಿಮ್ಮದೇ."

"ಮ್ಯಾಲ ಸಾವ್ಕಾರ ನಿಂತಾನ ಅಂತ ಮೊದಲ ಒಂದ್ ಮಾತ ಹೇಳಬಾರದೇನು? ನಾ ಎಷ್ಟ ಬೈದೆ..."

"ನೀ ಬೈದದ್ದು ಖರೇ ಇತ್ತು. ಮಾರಿ ತಿರುವಿದ್ರ ಸಾಕು ಅಂದ್ಕೊಂಡಿದ್ದೆ ನಾ. ಸಾಕಾಗಂಗಿಲ್ಲ."

ಈಗಲೂ ಅವನು ಎಲ್ಲೋ ದೂರ ನೋಡುತ್ತಿದ್ದ. ಎರಡು ವರ್ಷದ ರೂಢಿ!

ಶೇವಂತಾ ಮಸಿ ಹತ್ತಿದ ಬೆರಳನ್ನು ಅವನ ಗದ್ದಕ್ಕೆ ಹಚ್ಚಿ, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇಲ್ಲಿ ಬೇವಿನ ಗಿಡ ಇಲ್ಲ."

"ಹೂಂ..."

"ಇದು ಝಡತಿನೂ ಅಲ್ಲ."

"ಅಲ್ಲ..."

"ಹಂಗಾದ್ರ ನನ್ನ ನೋಡು."

ಅವನು ನೋಡಿದ.